ಗಿರಣಿ ಊರಿನ ಹನ್ನೊಂದು ಮಂದಿ

ಲಂಡನ್ನಿನ ಕೆನಿಂಗ್ಟನ್ ಓವಲ್ ಎಂದರೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್. 1971ರ ಆಗಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಅಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದ ಆ ಕಥೆ ಇಲ್ಲಿ ಮನೆಮಾತು. ಅದೇ ಅಂಗಳದಲ್ಲಿ, ಅದಕ್ಕೂ 92 ವರ್ಷ ಮೊದಲು, 1879ರ ಫೆಬ್ರುವರಿ 13ರಂದು, ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಗಿನ್ನೂ ಓವಲ್ ಎರಡೂ ಆಟಗಳಿಗೆ ಜಾಗ ಕೊಡುತ್ತಿದ್ದ ಮೈದಾನ. ಎಫ್.ಎ. ಕಪ್‌ನ ಕೊನೆಯ ಸುತ್ತುಗಳೆಲ್ಲ ಅಲ್ಲೇ ಆಗಬೇಕೆಂಬ ನಿಯಮವಿತ್ತು.

ಒಂದು ಕಡೆ ಓಲ್ಡ್ ಇಟೋನಿಯನ್ಸ್. ದೇಶದ ಪ್ರಧಾನಿಗಳನ್ನು ತಯಾರಿಸುವ ಇಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡ. ಅವರ ಮುಂದಾಳು ಆರ್ಥರ್ ಕಿನೇರ್ಡ್, ಬ್ಯಾಂಕ್ ಒಡೆತನದ ಮನೆತನದವರು, ಮುಂದೆ ಲಾರ್ಡ್ ಪದವಿಗೇರಿದವರು. ಎದುರಿಗೆ ಡಾರ್ವೆನ್. ಉತ್ತರದ ಲಂಕಾಶೈರ್‌ನ ಗಿರಣಿ ಊರಿನಿಂದ ರೈಲು ಹತ್ತಿ ಬಂದಿದ್ದ ಹನ್ನೊಂದು ಮಂದಿ. ಪಂದ್ಯ ಮುಗಿಯಲು ಕಾಲು ಗಂಟೆ ಉಳಿದಿದ್ದಾಗ ಇಟನ್ನಿನವರು 5–1ರಿಂದ ಮುಂದಿದ್ದರು. ಆ ಕಾಲು ಗಂಟೆಯಲ್ಲಿ ಗಿರಣಿ ಊರಿನವರು ನಾಲ್ಕು ಗೋಲು ಹೊಡೆದರು. 5–5.

ಇನ್ನಷ್ಟು ಹೊತ್ತು ಆಡಿ ಇತ್ಯರ್ಥ ಮಾಡಿಕೊಳ್ಳೋಣ ಎಂದು ಡಾರ್ವೆನ್ ಕೇಳಿತು. ಇಟನ್ನಿನವರು ಒಪ್ಪಲಿಲ್ಲ. ಅವರ ಕಾಲುಗಳು ಸೋತಿದ್ದವು, ಎದುರಾಳಿಗಳ ಕಾಲುಗಳು ಸೋತಿರಲಿಲ್ಲ. ನಿಯಮದ ಪ್ರಕಾರ ಅವರು ಹಾಗೆ ಹೇಳಬಹುದಿತ್ತು. ಆದರೆ ಆ ‘ಒಲ್ಲೆ’ಯ ಬೆಲೆ ತೆರಬೇಕಾದವರು ಬೇರೆ. ಮರುಪಂದ್ಯವೂ ಓವಲ್‌ನಲ್ಲೇ ಆಗಬೇಕು. ಲಂಡನ್ನಿನ ಶ್ರೀಮಂತರಿಗೆ ಅದು ಗಾಡಿಯಲ್ಲಿ ಬಂದುಹೋಗುವ ದಾರಿ. ಡಾರ್ವೆನ್‌ನವರಿಗೆ 320 ಕಿಲೋಮೀಟರಿಗೂ ಮಿಕ್ಕ ರೈಲು ಪ್ರಯಾಣ, ಅದರ ಟಿಕೆಟ್ ದುಡ್ಡು, ಜೊತೆಗೆ ಮುರಿದುಹೋಗುವ ಕೂಲಿ.

ಡಾರ್ವೆನ್ ಯಾವ ಬಗೆಯ ಊರು? ಬ್ಲ್ಯಾಕ್‌ಬರ್ನ್‌ನಿಂದ ದಕ್ಷಿಣಕ್ಕೆ ಆರೇಳು ಕಿಲೋಮೀಟರ್, ಬೋಲ್ಟನ್ ಕಡೆಗೆ ಹೋಗುವ ದಾರಿಯಲ್ಲಿ, ಎರಡು ಬೋಳುಗುಡ್ಡಗಳ ನಡುವಿನ ಕಣಿವೆಯಲ್ಲಿ ಉದ್ದಕ್ಕೆ ಹಬ್ಬಿಕೊಂಡ ಪಟ್ಟಣ. ಪುರಸಭೆಯ ಮಾನ್ಯತೆ ಸಿಕ್ಕಿದ್ದೇ 1878ರಲ್ಲಿ. ಆಗ ಜನಸಂಖ್ಯೆ ಸುಮಾರು 30 ಸಾವಿರ. ನೂಲುವುದು, ನೇಯುವುದು, ಕಾಗದ ಮಾಡುವುದು, ಇವಿಷ್ಟೇ ಕಸುಬು. ಊರಿನ ಎತ್ತರದ ಗುರುತೆಂದರೆ 1860ರ ದಶಕದಲ್ಲಿ ಎಕ್ಲ್ಸ್ ಶಾರಕ್ ಕಟ್ಟಿಸಿದ ಗಿರಣಿಯ ಹೊಗೆಗೊಳವೆ. 300 ಅಡಿಗೂ ಎತ್ತರ, ಇಟಲಿಯ ಗಂಟೆಗೋಪುರದ ಮಾದರಿ. ಗಿರಣಿಯ ಹೆಸರು ‘ಇಂಡಿಯಾ ಮಿಲ್’.

ಹೆಸರು ಸುಮ್ಮನೆ ಬಂದದ್ದಲ್ಲ. ಲಂಕಾಶೈರ್‌ನ ಮಗ್ಗಗಳಿಗೂ ಹಿಂದೂಸ್ತಾನಕ್ಕೂ ಹೊಕ್ಕುಬಳ್ಳಿಯ ನಂಟಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಲಂಕಾಶೈರ್‌ನಲ್ಲಿ ಹತ್ತಿಯ ಬರಗಾಲವೇ ಬಿತ್ತು. ಆಗ ಮುಂಬೈ ಪ್ರಾಂತ್ಯದ ಹತ್ತಿಗೆ ಎಲ್ಲಿಲ್ಲದ ಬೆಲೆ. ಧಾರವಾಡ, ಗದಗ, ಹುಬ್ಬಳ್ಳಿ ಸೀಮೆಯ ಕರಿಮಣ್ಣಿನ ಹೊಲಗಳಲ್ಲಿ ಬೆಳೆದ ‘ಧಾರವಾಡ ಅಮೆರಿಕನ್’ ತಳಿಯೂ ಆ ಮಾರುಕಟ್ಟೆಗೆ ಹರಿಯಿತು. ಮತ್ತೆ ಅಲ್ಲಿ ನೇಯ್ದ ಧೋತರ, ಬಿಳಿ ಬಟ್ಟೆ ನಮ್ಮ ಸಂತೆಗಳಿಗೆ ಬಂದು ಇಲ್ಲಿನ ಕೈಮಗ್ಗಗಳನ್ನು ನಿಲ್ಲಿಸಿತು. ಡಾರ್ವೆನ್‌ನ ನೇಕಾರರ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಭಾರತದ ಧೋತರದ ವ್ಯಾಪಾರದಿಂದ. ಅವರ ಫುಟ್‌ಬಾಲ್ ತಂಡವನ್ನು ಸಾಕಿದ್ದೂ ಅದೇ ದುಡ್ಡು.

ಆಟ ಆ ಊರಿಗೆ ಬಂದದ್ದು ಮೇಲಿನಿಂದ. ಗಿರಣಿ ಮಾಲೀಕರಾದ ವಾಲ್ಶ್ ಮನೆಯ ಹುಡುಗರು ಹ್ಯಾರೋ ಶಾಲೆಯಲ್ಲಿ ಕಲಿತು ರಜೆಗೆ ಬಂದಾಗ ಕೆಲಸಗಾರರನ್ನು ಕೂಡಿಸಿಕೊಂಡು ಆಡಿದರು. 1870ರಲ್ಲಿ ಕ್ಲಬ್ ಹುಟ್ಟಿತು. ಮೊದಮೊದಲು ಅವರ ನಿಯಮಗಳು ಅವರವೇ. 1875ರ ಹೊತ್ತಿಗೆ ಫುಟ್‌ಬಾಲ್ ಅಸೋಸಿಯೇಶನ್ನಿನ ನಿಯಮಕ್ಕೆ ಹೊಂದಿಕೊಂಡರು. ಮೈದಾನದ ಹೆಸರು ಬಾರ್ಲಿ ಬ್ಯಾಂಕ್. ಕೆಲವೇ ವರ್ಷಗಳಲ್ಲಿ ಆಟ ಮಾಲೀಕರ ಮಕ್ಕಳ ಕೈಯಿಂದ ಜಾರಿ ಕೆಲಸಗಾರರ ಕಾಲಿಗೆ ಸಿಕ್ಕಿತು.

ಇದಕ್ಕೆ ಒಂದು ಕಾನೂನಿನ ಹಿನ್ನೆಲೆಯೂ ಉಂಟು. 1850ರ ಕಾರ್ಖಾನೆ ಕಾಯ್ದೆ ಶನಿವಾರ ಮಧ್ಯಾಹ್ನ ಎರಡಕ್ಕೆ ಗಿರಣಿ ನಿಲ್ಲಿಸಬೇಕೆಂದಿತು. ಆಮೇಲೆ ಆ ಹೊತ್ತು ಇನ್ನೂ ಹಿಂದಕ್ಕೆ ಸರಿಯಿತು. ವಾರವಿಡೀ ಮಗ್ಗದ ಸದ್ದಿನಲ್ಲಿ ಕಿವುಡಾದ ಜನಕ್ಕೆ ಅರ್ಧ ದಿನ ಸಿಕ್ಕಿತು. ಸ್ನಾನ, ಊಟ, ಆಮೇಲೆ ಮೈದಾನ. ಇಂಗ್ಲೆಂಡಿನ ಫುಟ್‌ಬಾಲ್ ಇವತ್ತಿಗೂ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟವಾಗಿ ಉಳಿದಿರುವುದರ ಬೇರು ಇಲ್ಲಿದೆ. 1878ರ ಸೆಪ್ಟೆಂಬರ್‌ನಲ್ಲಿ ಲಂಕಾಶೈರ್‌ನ ಕ್ಲಬ್ಬುಗಳೆಲ್ಲ ಸೇರಿ ಜಿಲ್ಲಾ ಸಂಘ ಕಟ್ಟಿದ್ದು ಡಾರ್ವೆನ್‌ನ ಕೋ-ಆಪರೇಟಿವ್ ಹಾಲ್‌ನಲ್ಲಿ. ಬ್ಲ್ಯಾಕ್‌ಬರ್ನ್‌ನಲ್ಲಿ ಅಲ್ಲ, ಬೋಲ್ಟನ್‌ನಲ್ಲಿ ಅಲ್ಲ. ಆ ಗಳಿಗೆಯಲ್ಲಿ ಆ ಸೀಮೆಯ ಫುಟ್‌ಬಾಲಿಗೆ ಡಾರ್ವೆನ್ನೇ ರಾಜಧಾನಿ.

ಇಷ್ಟರಲ್ಲಿ ಸ್ಕಾಟ್ಲೆಂಡಿನಿಂದ ಇಬ್ಬರು ಬಂದರು.

ಗ್ಲಾಸ್ಗೊ ಪಕ್ಕದ ಪಾರ್ಟಿಕ್ ಎಂಬ ಊರಿನ ತಂಡ ಹಿಂದೆ ಡಾರ್ವೆನ್‌ಗೆ ಬಂದು ಆಡಿಹೋಗಿತ್ತು. ಆ ಪರಿಚಯದ ಎಳೆ ಹಿಡಿದು 1878ರಲ್ಲಿ ಜೇಮ್ಸ್ ಲವ್ ಬಂದ, ಅವನ ಹಿಂದೆಯೇ ಫರ್ಗಸ್ ಸೂಟರ್. ಸೂಟರ್‌ಗೆ ಆಗ 21 ವರ್ಷ, ಕಸುಬಿನಲ್ಲಿ ಕಲ್ಲುಕುಟಿಗ. ಆ ವರ್ಷದ ಅಕ್ಟೋಬರ್‌ನಲ್ಲಿ ಸಿಟಿ ಆಫ್ ಗ್ಲಾಸ್ಗೊ ಬ್ಯಾಂಕ್ ಮುಳುಗಿತು. ಷೇರುದಾರರು ಬೀದಿಗೆ ಬಿದ್ದರು, ಕಟ್ಟಡದ ಕೆಲಸಗಳು ನಿಂತವು, ಕಲ್ಲುಕುಟಿಗರ ಕೈ ಖಾಲಿಯಾಯಿತು. ದಕ್ಷಿಣಕ್ಕೆ ಹೊರಟವರಲ್ಲಿ ಸೂಟರ್ ಒಬ್ಬ. ಲಂಕಾಶೈರ್‌ನ ಕಲ್ಲು ಬಹಳ ಗಟ್ಟಿ, ಕೈ ಬಾತುಹೋಗುತ್ತದೆ ಎಂದು ಉಳಿ ಸುತ್ತಿಗೆಯನ್ನು ಬದಿಗಿಟ್ಟ. ಆಮೇಲೆ ಅವನ ಜೀವನ ನಡೆದದ್ದು ಕಾಲಿನಿಂದ.

ಹೇಗೆ? ಲೆಕ್ಕದಲ್ಲಿ ಕಾಣದ ಹಣದಿಂದ. ಆಟಕ್ಕೆ ದುಡ್ಡು ತೆಗೆದುಕೊಳ್ಳುವುದು ಫುಟ್‌ಬಾಲ್ ಅಸೋಸಿಯೇಶನ್ನಿನ ದೊಡ್ಡವರ ಕಣ್ಣಿಗೆ ಸಲ್ಲದ ಕೆಲಸ. ಮುಂದೆ ವಯಸ್ಸಾದ ಮೇಲೆ ಸೂಟರ್ ತಾನೇ ಹೇಳಿಕೊಂಡಂತೆ ಗೊತ್ತಾದ ಸಂಬಳ ಎಂಬುದು ಇರಲಿಲ್ಲ. ಬೇಕಾದಾಗ ಖಜಾಂಚಿಯನ್ನು ಕಾಣಬೇಕು, ಅವರು ಕೊಡುತ್ತಿದ್ದರು. ಶೆಫೀಲ್ಡ್‌ನಲ್ಲಿ ಇವರಿಗಿಂತ ಎರಡು ವರ್ಷ ಮುಂಚೆ ಜೇಮ್ಸ್ ಲ್ಯಾಂಗ್ ಎಂಬ ಇನ್ನೊಬ್ಬ ಸ್ಕಾಟ್ ಹೀಗೇ ನೆಲೆಗೊಂಡಿದ್ದ. ಮೊದಲ ವೃತ್ತಿಪರ ಆಟಗಾರ ಯಾರು ಎಂಬ ವಾದ ಈ ಮೂವರ ಸುತ್ತಲೇ ಸುತ್ತುತ್ತದೆ. ಒಂದೇ ತಂಡದಲ್ಲಿ ಇಬ್ಬರನ್ನು ಇಟ್ಟುಕೊಂಡು ದೇಶದ ದೊಡ್ಡ ಪಂದ್ಯಾವಳಿಗೆ ಇಳಿದು ಶ್ರೀಮಂತರನ್ನು ನಡುಗಿಸಿದ ಹೆಗ್ಗಳಿಕೆ ಮಾತ್ರ ಡಾರ್ವೆನ್‌ದೇ.

ಈ ಹಣದ ವಿಚಾರದಲ್ಲಿ ಅಂದಿನ ಪತ್ರಿಕೆಗಳೂ ಸಂಘದ ದೊಡ್ಡವರೂ ಆಡಿದ ನೀತಿಯ ಮಾತುಗಳನ್ನು ಇಂದು ಒಪ್ಪುವುದು ಕಷ್ಟ. ಆಟ ಆಟಕ್ಕಾಗಿ ಎಂದು ಹೇಳಲು ಆಸ್ತಿ ಇರಬೇಕು. ಬ್ಯಾಂಕಿನ ಮನೆತನದವರು ಗುರುವಾರ ಮಧ್ಯಾಹ್ನ ಓವಲ್‌ಗೆ ಬಂದರೆ ಅವರ ಊಟಕ್ಕೆ ಕುಂದಿಲ್ಲ. 1879ರ ಫೆಬ್ರುವರಿ 13 ಗುರುವಾರವೇ ಆಗಿತ್ತು. ಆ ದಿನ ಗಿರಣಿಗೆ ಹೋಗದ ನೇಕಾರನ ಸಂಬಳ ಕಡಿತವಾಗುತ್ತಿತ್ತು. ಅದನ್ನು ತುಂಬಿಕೊಡುವುದು ಭ್ರಷ್ಟತೆ ಎಂದವರು ಎಂದೂ ಒಂದು ದಿನದ ಕೂಲಿ ಕಳೆದುಕೊಂಡವರಲ್ಲ.

ಸ್ಕಾಟರು ತಂದದ್ದು ತಮ್ಮ ಕಾಲುಗಳನ್ನು ಮಾತ್ರವಲ್ಲ, ಒಂದು ಆಟದ ಕ್ರಮವನ್ನು. ಇಂಗ್ಲೆಂಡಿನ ಶಾಲೆಗಳಲ್ಲಿ ಕಲಿತವರ ಆಟವೆಂದರೆ ಚೆಂಡು ಸಿಕ್ಕವನು ತಲೆ ಬಗ್ಗಿಸಿ ಒಬ್ಬನೇ ಮುನ್ನುಗ್ಗುವುದು, ಉಳಿದವರು ಹಿಂದೆ ಹಿಂಡಾಗಿ ಓಡುವುದು. ಮೈಕಟ್ಟು ದೊಡ್ಡದಿದ್ದವನದೇ ಮೇಲುಗೈ. ಸ್ಕಾಟರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಜಾಗ ಮಾಡಿಕೊಂಡು ಆಡಿದರು. ಒಳ್ಳೆಯ ಊಟ ಉಂಡು ಬೆಳೆದ ಆರಡಿಯವರ ಎದುರು ಗಿರಣಿಯ ಬಡಕಲು ಹುಡುಗರು ನಿಲ್ಲಲು ಈ ದಾರಿಯೇ ಸರಿ. ಡಾರ್ವೆನ್ ಇದನ್ನು ಬೇಗ ಕಲಿಯಿತು.

ಆ ಋತುವಿನಲ್ಲಿ ಅವರು ಮೊದಲು ಲಂಡನ್ನಿಗೆ ಹೋಗಿದ್ದು ರೆಮ್ನಂಟ್ಸ್ ಎಂಬ ತಂಡದ ಎದುರು. ಹೆಚ್ಚುವರಿ ಅವಧಿಯಲ್ಲಿ 3–2ರಿಂದ ಗೆದ್ದರು. ಆಮೇಲೆ ಇಟನ್ನಿನವರೊಡನೆ ಆ 5–5. ಮರುಪಂದ್ಯಕ್ಕೆ ದುಡ್ಡಿಲ್ಲ. ಊರಲ್ಲಿ ಚಂದಾ ಎತ್ತಿದರು. ಗಿರಣಿಗಳಲ್ಲಿ, ಅಂಗಡಿಗಳಲ್ಲಿ ಜನ ಕೈಲಾದಷ್ಟು ಹಾಕಿದರು. ಸಂಘವೂ ಓಲ್ಡ್ ಇಟೋನಿಯನ್ಸ್ ತಂಡವೂ ಸ್ವಲ್ಪ ಕೊಟ್ಟವು ಎಂಬುದನ್ನು ಮರೆಯಬಾರದು. ಮಾರ್ಚ್ 8ರಂದು ಮತ್ತೆ ಓವಲ್. ಹೆಚ್ಚುವರಿ ಅವಧಿ ಆಡಿದರೂ 2–2. ಮಾರ್ಚ್ 15ರಂದು ಮತ್ತೊಮ್ಮೆ. ಈ ಸಲ 6–2ರಿಂದ ಇಟನ್ನಿನವರು ಗೆದ್ದರು. ಒಂದೇ ಋತುವಿನಲ್ಲಿ ನಾಲ್ಕು ಸಲ ಲಂಡನ್ನಿಗೆ ಹೋಗಿಬಂದ ದಣಿವನ್ನು ಆ ಅಂಕಿಯಲ್ಲಿ ಓದಬಹುದು. ಮುಂದೆ ಇಟನ್ನಿನವರೇ ಕಪ್ ಎತ್ತಿದರು, ಫೈನಲ್‌ನಲ್ಲಿ ಕ್ಲಾಪಮ್ ರೋವರ್ಸ್ ಎದುರು 1–0.

ಮೊದಲ ಪಂದ್ಯವೇ ಡಾರ್ವೆನ್‌ನ ಬಾರ್ಲಿ ಬ್ಯಾಂಕ್‌ನಲ್ಲಿ ನಡೆದಿದ್ದರೆ? ಅಥವಾ ಆ ಗುರುವಾರ ಇನ್ನರ್ಧ ಗಂಟೆ ಆಡಿಸಿದ್ದರೆ? ಊಹೆಗೆ ದಾಖಲೆಯಲ್ಲಿ ಜಾಗವಿಲ್ಲ. ಸೋತ ತಂಡ ಊರಿಗೆ ಮರಳಿದಾಗ ಉತ್ತರದ ಗಿರಣಿ ಊರುಗಳಿಗೆಲ್ಲ ಒಂದು ಸಂಗತಿ ಗೊತ್ತಾಗಿತ್ತು: ಈ ಶ್ರೀಮಂತರನ್ನು ಸೋಲಿಸಬಹುದು.

ಮುಂದಿನ ವರ್ಷ, ಲಂಕಾಶೈರ್ ಕಪ್ ಮೊದಲ ಸಲ ನಡೆದಾಗ, ಡಾರ್ವೆನ್ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು ಸೋಲಿಸಿ ಅದನ್ನು ಗೆದ್ದಿತು. ಟಾಮ್ ಮಾರ್ಷಲ್ ಎಂಬ ಚುರುಕು ಓಟಗಾರ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದ. 1881ರಲ್ಲಿ ಎಫ್.ಎ. ಕಪ್‌ನಲ್ಲಿ ರಾಮ್‌ಫರ್ಡ್ ತಂಡವನ್ನು 15–0ರಿಂದ ಮುಗಿಸಿ ಡಾರ್ವೆನ್ ಸೆಮಿಫೈನಲ್ ತಲುಪಿತು. ಅಲ್ಲಿ ಓಲ್ಡ್ ಕಾರ್ತೂಸಿಯನ್ಸ್ 4–1ರಿಂದ ದಾರಿ ಮುಚ್ಚಿದರು. ಅದಕ್ಕಿಂತ ಎತ್ತರಕ್ಕೆ ಡಾರ್ವೆನ್ ಎಂದೂ ಏರಲಿಲ್ಲ.

ಅಷ್ಟರಲ್ಲಾಗಲೇ ಬುಡಕ್ಕೆ ಪೆಟ್ಟು ಬಿದ್ದಿತ್ತು. 1880ರಲ್ಲಿ ಫರ್ಗಸ್ ಸೂಟರ್ ಡಾರ್ವೆನ್ ಬಿಟ್ಟು ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ. ಹೆಚ್ಚು ದುಡ್ಡು ಕೊಟ್ಟು ಸೆಳೆದರು ಎಂದು ಡಾರ್ವೆನ್ ಜನ ಕೂಗಾಡಿದರು. ಆ ನವೆಂಬರ್‌ನಲ್ಲಿ ಎರಡು ತಂಡಗಳು ಎದುರಾದಾಗ ಸೂಟರ್‌ಗೂ ಮಾರ್ಷಲ್‌ಗೂ ಕೈ ಕೈ ಮಿಲಾಯಿಸಿತು, ಪ್ರೇಕ್ಷಕರು ಅಂಗಳಕ್ಕೆ ನುಗ್ಗಿದರು, ಪಂದ್ಯ ಅರ್ಧಕ್ಕೇ ನಿಂತಿತು. ಸಿಟ್ಟು ಸಹಜ. ಆದರೆ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಹುಡುಗ ಇನ್ನೂ ನಾಲ್ಕು ಕಾಸು ಸಿಗುವಲ್ಲಿಗೆ ಹೋದರೆ ಅವನನ್ನು ದೂರುವಂತಿಲ್ಲ. ಡಾರ್ವೆನ್ ಅವನನ್ನು ಪಾರ್ಟಿಕ್‌ನಿಂದ ಕರೆಸಿಕೊಂಡದ್ದೂ ಹೀಗೇ ಅಲ್ಲವೇ? ಸೂಟರ್ ಬ್ಲ್ಯಾಕ್‌ಬರ್ನ್ ರೋವರ್ಸ್ ಪರ 1884, 1885, 1886ರಲ್ಲಿ ಸತತ ಮೂರು ಎಫ್.ಎ. ಕಪ್ ಗೆದ್ದು 1916ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ತೀರಿಕೊಂಡ.

ಅವನ ಜೊತೆಗಾರನ ಕಥೆ ಬೇರೆ. ಗ್ಲಾಸ್ಗೊದಲ್ಲಿ ಸಾಲದ ಸುಳಿಗೆ ಸಿಕ್ಕಿ ಊರು ಬಿಟ್ಟಿದ್ದ ಜೇಮ್ಸ್ ಲವ್ ಬಹುಬೇಗ ಫುಟ್‌ಬಾಲಿನ ದಾಖಲೆಗಳಿಂದ ಕಾಣೆಯಾದ. ಬಹಳ ಕಾಲ ಅವನಿಗೇನಾಯಿತು ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಈಚಿನ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಇತಿಹಾಸಕಾರ ಆ್ಯಂಡಿ ಮಿಚೆಲ್ ದಾಖಲೆಗಳನ್ನು ಹುಡುಕಿ ತೆಗೆದರು. ಲವ್ ರಾಯಲ್ ಮರೀನ್ಸ್ ಪಡೆ ಸೇರಿದ್ದ. 1882ರಲ್ಲಿ ಬ್ರಿಟಿಷರು ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಅಲ್ಲಿ ವಿಷಮಶೀತಜ್ವರಕ್ಕೆ ಬಲಿಯಾದ. ಇನ್ನೂ ಇಪ್ಪತ್ತರ ಹರೆಯ. ಓವಲ್‌ನ ಆ ಪಂದ್ಯಕ್ಕೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ.

2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ಇಂಗ್ಲಿಷ್ ಗೇಮ್’ ಸರಣಿಯನ್ನು ನಮ್ಮಲ್ಲೂ ಅನೇಕರು ನೋಡಿದ್ದಾರೆ. ಡಾರ್ವೆನ್ ಹೆಸರನ್ನು ಜಗತ್ತು ಮತ್ತೆ ಕೇಳಿದ್ದು ಅದರಿಂದಲೇ. ಅಷ್ಟರ ಮಟ್ಟಿಗೆ ಅದಕ್ಕೆ ಋಣಿಯಾಗಿರಬೇಕು. ಆದರೆ ಅದು ಚರಿತ್ರೆಯನ್ನು ಕಲಸಿದೆ. ಅದರಲ್ಲಿ ಸೂಟರ್ ಇಟನ್ನಿನವರನ್ನು ಸೋಲಿಸಿ ಕಪ್ ಎತ್ತುತ್ತಾನೆ. ನಿಜದಲ್ಲಿ 1883ರ ಫೈನಲ್‌ನಲ್ಲಿ ಓಲ್ಡ್ ಇಟೋನಿಯನ್ಸ್ ತಂಡವನ್ನು 2–1ರಿಂದ ಸೋಲಿಸಿ ಕಪ್ಪನ್ನು ಮೊದಲ ಸಲ ಉತ್ತರದ ಗಿರಣಿ ಊರಿಗೆ ಒಯ್ದದ್ದು ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಸೂಟರ್ ಆ ತಂಡದಲ್ಲಿ ಇರಲೇ ಇಲ್ಲ. ಆ ಒಲಿಂಪಿಕ್ ತಂಡವೂ 1889ರ ಹೊತ್ತಿಗೆ ಹಣವಿಲ್ಲದೆ ಮುಚ್ಚಿಹೋಯಿತು.

1885ರ ಜುಲೈ 20ರಂದು ಫುಟ್‌ಬಾಲ್ ಅಸೋಸಿಯೇಶನ್ ಆಟಗಾರರಿಗೆ ಸಂಬಳ ಕೊಡುವುದನ್ನು ಕಾನೂನುಬದ್ಧಗೊಳಿಸಿತು. ಲಂಕಾಶೈರ್‌ನ ಕ್ಲಬ್ಬುಗಳು ಬೇರೆಯಾಗಿ ಸಂಘ ಕಟ್ಟುತ್ತೇವೆ ಎಂದು ಬೆದರಿಸಿದ ಮೇಲೆ ಬಂದ ಒಪ್ಪಿಗೆ ಅದು. ಡಾರ್ವೆನ್ ಕದ್ದುಮುಚ್ಚಿ ಶುರು ಮಾಡಿದ್ದು ಏಳು ವರ್ಷಕ್ಕೆ ನಿಯಮವಾಯಿತು. ಸೂಟರ್‌ನನ್ನು ಕಳುಹಿಸಿಕೊಟ್ಟ ಸ್ಕಾಟ್ಲೆಂಡ್ ಒಪ್ಪಿಕೊಳ್ಳಲು 1893ರವರೆಗೆ ಕಾಯಿತು.

ನಿಯಮ ಬಂದದ್ದೇ ಡಾರ್ವೆನ್‌ಗೆ ಮುಳುವಾಯಿತು. ಸಂಬಳ ಬಹಿರಂಗವಾದ ಮೇಲೆ ಯಾರ ಟಿಕೆಟ್ ಪೆಟ್ಟಿಗೆ ದೊಡ್ಡದೋ ಅವರ ತಂಡ ದೊಡ್ಡದು. ಡಾರ್ವೆನ್‌ನ ಉತ್ತರಕ್ಕೆ ಬ್ಲ್ಯಾಕ್‌ಬರ್ನ್, ದಕ್ಷಿಣಕ್ಕೆ ಬೋಲ್ಟನ್, ಎರಡೂ ಮೂರು ನಾಲ್ಕು ಪಟ್ಟು ಜನವಿದ್ದ ಊರುಗಳು, ರೈಲಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟುವಂಥವು. ಒಳ್ಳೆಯ ಆಟಗಾರ ಬೆಳೆದ ಕೂಡಲೇ ಅತ್ತ ಹೋದ, ಪ್ರೇಕ್ಷಕರೂ ಅವನ ಹಿಂದೆ ಹೋದರು. 1888ರಲ್ಲಿ ಹನ್ನೆರಡು ಕ್ಲಬ್ಬುಗಳೊಂದಿಗೆ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಅದರಲ್ಲಿ ಲಂಕಾಶೈರ್‌ನವೇ ಆರು. ಡಾರ್ವೆನ್ ಅವುಗಳಲ್ಲಿ ಇರಲಿಲ್ಲ. ಹತ್ತು ವರ್ಷ ಹಿಂದೆ ಇಡೀ ಜಿಲ್ಲೆಯ ಸಂಘ ಹುಟ್ಟಿದ ಊರು ಅದು.

1891ರಲ್ಲಿ ಲೀಗನ್ನು ಹದಿನಾಲ್ಕು ತಂಡಗಳಿಗೆ ಹಿಗ್ಗಿಸಿದಾಗ ಡಾರ್ವೆನ್‌ಗೆ ಬಾಗಿಲು ತೆರೆಯಿತು. ಆ ಋತುವಿನ 26 ಪಂದ್ಯಗಳಲ್ಲಿ 112 ಗೋಲು ಬಿಟ್ಟುಕೊಟ್ಟು ಕೊನೆಯ ಸ್ಥಾನ. 1892ರ ಏಪ್ರಿಲ್ 4ರಂದು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಎದುರು 12–0. ಅದಕ್ಕಿಂತ ದೊಡ್ಡ ಸೋಲು ಇಂಗ್ಲೆಂಡಿನ ಅಗ್ರ ವಿಭಾಗದಲ್ಲಿ ಇವತ್ತಿನವರೆಗೂ ಆಗಿಲ್ಲ. 1909ರಲ್ಲಿ ಲೆಸ್ಟರ್ ಫಾಸ್ ತಂಡ ಅಷ್ಟೇ ಅಂತರದಲ್ಲಿ ಸೋತಿತು ಎಂಬುದಷ್ಟೇ ಸಮಾಧಾನ.

ಆದರೂ ಎದ್ದರು. ಮರುವರ್ಷ ಹೊಸದಾಗಿ ಹುಟ್ಟಿದ ಎರಡನೇ ವಿಭಾಗದಲ್ಲಿ ಮೂರನೆಯವರಾಗಿ, ಅರ್ಹತಾ ಪಂದ್ಯದಲ್ಲಿ ನಾಟ್ಸ್ ಕೌಂಟಿ ತಂಡವನ್ನು 3–2ರಿಂದ ಸೋಲಿಸಿ ಮೇಲೇರಿದರು. 1894ರಲ್ಲಿ ಅದೇ ಬಗೆಯ ಪಂದ್ಯದಲ್ಲಿ ಸ್ಮಾಲ್ ಹೀತ್ ಎದುರು 3–1ರಿಂದ ಸೋತು ಕೆಳಗಿಳಿದರು. ಸ್ಮಾಲ್ ಹೀತ್ ಎಂದರೆ ಇಂದಿನ ಬರ್ಮಿಂಗ್ಹಮ್ ಸಿಟಿ.

1898–99ರ ಋತುವನ್ನು ಸಂಕಟವಿಲ್ಲದೆ ಬರೆಯಲಾಗದು. ಆ ಸೆಪ್ಟೆಂಬರ್‌ನಲ್ಲಿ ಊರಿನ ಗುಡ್ಡದ ನೆತ್ತಿಯ ಮೇಲೆ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ನೆನಪಿಗೆ ಗೋಪುರವೊಂದು ಎದ್ದಿತು, ಜನ ಸಂಭ್ರಮಪಟ್ಟರು. ಕೆಳಗೆ ಬಾರ್ಲಿ ಬ್ಯಾಂಕ್‌ನಲ್ಲಿ ಅವರ ತಂಡ ಕುಸಿಯುತ್ತಿತ್ತು. 34 ಪಂದ್ಯ, 2 ಗೆಲುವು, 27 ಸೋಲು. ಅದರಲ್ಲಿ 18 ಸೋಲುಗಳು ಒಂದರ ಹಿಂದೊಂದು. ಹೊಡೆದದ್ದು 22 ಗೋಲು, ಬಿಟ್ಟದ್ದು 141. ಒಂದೇ ಋತುವಿನಲ್ಲಿ 10–0ರ ಸೋಲು ಮೂರು ಸಲ: ಮ್ಯಾಂಚೆಸ್ಟರ್ ಸಿಟಿ, ವಾಲ್ಸಾಲ್, ಲಫ್‌ಬರೋ ಎದುರು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಎಂದಾದ ನ್ಯೂಟನ್ ಹೀತ್ ಕ್ರಿಸ್‌ಮಸ್‌ನ ಹಿಂದಿನ ದಿನ 9–0ರಿಂದ ಸೋಲಿಸಿತು. ಇಷ್ಟಾದರೂ ನಿಗದಿಯಾದ ಪಂದ್ಯಗಳನ್ನೆಲ್ಲ ಆಡಿ ಮುಗಿಸಿದರು. ಅದಕ್ಕೆ ಎಂಥ ಗುಂಡಿಗೆ ಬೇಕು ಎಂಬುದನ್ನು ಆ 141ರ ದಾಖಲೆಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಅಲ್ಲಿಗೆ ಡಾರ್ವೆನ್ ಲೀಗ್‌ನಿಂದ ಹೊರಬಿತ್ತು, ಮತ್ತೆಂದೂ ಮರಳಲಿಲ್ಲ. ಬಾರ್ಲಿ ಬ್ಯಾಂಕ್ ತೊರೆದು ಆ್ಯಂಕರ್ ಎಂಬ ಮೈದಾನಕ್ಕೆ ಹೋಯಿತು. ಹಳೆಯ ಅಂಗಳದ ಮೇಲೆ ಮನೆಗಳು ಎದ್ದವು.

ಊರಿನ ಮಗ್ಗಗಳ ಭಾಗ್ಯವೂ ಇಳಿಯಿತು. ಮೊದಲ ಮಹಾಯುದ್ಧದ ಬಳಿಕ ಭಾರತದ ಮಾರುಕಟ್ಟೆ ಕೈತಪ್ಪತೊಡಗಿತ್ತು. ಸ್ವದೇಶಿ ಚಳವಳಿ ಬಲವಾದಂತೆ ನಿರುದ್ಯೋಗ ಬೆಳೆಯಿತು. 1931ರ ಸೆಪ್ಟೆಂಬರ್‌ನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ, ತಮ್ಮ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರನ್ನು ಕಾಣಲು ಈ ಊರಿಗೇ ಬಂದು ಸ್ಪ್ರಿಂಗ್ ವೇಲ್ ಬಡಾವಣೆಯಲ್ಲಿ ತಂಗಿದರು. ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಕೈಯೆತ್ತಿ ಜಯಕಾರ ಹಾಕುತ್ತಿರುವ ಆ ಪ್ರಸಿದ್ಧ ಚಿತ್ರ ತೆಗೆದದ್ದು ಸೆಪ್ಟೆಂಬರ್ 26ರಂದು, ಡಾರ್ವೆನ್‌ನ ಗ್ರೀನ್‌ಫೀಲ್ಡ್ ಗಿರಣಿಯ ಹೊರಗೆ. ಆ ಚಿತ್ರ ನಮ್ಮ ಶಾಲಾ ಪುಸ್ತಕಗಳವರೆಗೆ ಬಂದಿದೆ, ಊರಿನ ಹೆಸರು ಮಾತ್ರ ಬಂದಿಲ್ಲ.

ಅದಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ. 1932ರ ಜನವರಿ 9ರಂದು ಅದೇ ಊರಿನ ತಂಡ ಎಫ್.ಎ. ಕಪ್‌ನ ಮೂರನೇ ಸುತ್ತಿಗೆ ಲಂಡನ್ನಿನ ಹೈಬರಿಗೆ ಹೋಯಿತು. ಎದುರಾಳಿ ಹರ್ಬರ್ಟ್ ಚಾಪ್‌ಮನ್ ಅವರ ಆರ್ಸೆನಲ್, ಆಗಿನ ಲೀಗ್ ಚಾಂಪಿಯನ್. ಫಲಿತಾಂಶ 11–1. ಕೆಲಸವಿಲ್ಲದ ಊರಿನಿಂದ ಬಂದ ಹವ್ಯಾಸಿ ಮಟ್ಟದ ತಂಡಕ್ಕೆ ಚಾಂಪಿಯನ್ನರ ಎದುರು ಸಿಕ್ಕ ಆ ಒಂದು ಗೋಲು ಸಣ್ಣದೇನಲ್ಲ.

2009ರಲ್ಲಿ ಸಾಲದ ಭಾರಕ್ಕೆ ಮೂಲ ಕ್ಲಬ್ ಮುಚ್ಚಿತು. ಅಭಿಮಾನಿಗಳು ಕೂಡಲೇ ಎ.ಎಫ್.ಸಿ. ಡಾರ್ವೆನ್ ಎಂಬ ಹೆಸರಿನಲ್ಲಿ ಹೊಸದನ್ನು ಕಟ್ಟಿ ಆ್ಯಂಕರ್ ಮೈದಾನದಲ್ಲೇ ಆಟ ಮುಂದುವರಿಸಿದರು.

ಇಂದು ಪ್ರೀಮಿಯರ್ ಲೀಗ್‌ನ ಆಟಗಾರನೊಬ್ಬನ ವಾರದ ಸಂಬಳ ಲಕ್ಷಗಟ್ಟಲೆ ಪೌಂಡ್. ವೃತ್ತಿಪರ ಫುಟ್‌ಬಾಲಿನ ಆರಂಭವನ್ನು ಹೇಳುವ ಬರಹಗಳು ಹೆಚ್ಚಾಗಿ 1885ರ ಸಭೆಯಿಂದ, ಇಲ್ಲವೇ 1888ರ ಲೀಗ್‌ನಿಂದ ತೊಡಗುತ್ತವೆ. ಅದು ಸರಿಯಲ್ಲ. ಆಡಿದ ಕಾಲಿಗೆ ಕೂಲಿ ಕೊಡಬೇಕು ಎಂಬುದನ್ನು ಸಮಿತಿಗಳು ತೀರ್ಮಾನಿಸುವ ಮುಂಚೆಯೇ ಶೆಫೀಲ್ಡ್ ಮತ್ತು ಡಾರ್ವೆನ್ ತೀರ್ಮಾನಿಸಿದ್ದವು. ಆ ಚರಿತ್ರೆ ಶೆಫೀಲ್ಡ್‌ನ ಲ್ಯಾಂಗ್‌ನಿಂದ, 1878ರಲ್ಲಿ ಡಾರ್ವೆನ್‌ನ ಖಜಾಂಚಿ ಒಬ್ಬ ಕಲ್ಲುಕುಟಿಗನಿಗೆ ಕೊಟ್ಟ ಹಣದಿಂದ ಶುರುವಾಗಬೇಕು.